ಹರಾಜಿನ ದಿನ ನನ್ನ ಎಂಜಲು ಹೇಳಿದ್ದು

ಮಾನ್ಯ ಎಂಜಲು ಪರೀಕ್ಷಾ ಯಂತ್ರದವರೇ,

ಶೆಟ್ಟಿಕೆರೆಯ ತೆಂಗು ಬೆಳೆಗಾರನೂ ಒಂದು ಮನೆಯ ಯಜಮಾನನೂ ಆದ ಮರುಳಸಿದ್ದಯ್ಯನ ಸಾಷ್ಟಾಂಗ ನಮಸ್ಕಾರಗಳು. ತಾವು ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ, ಕರೆಂಟಿನ ಕಾಟವಿಲ್ಲದೆ ಸುಖವಾಗಿರುವಿರೆಂದು ನಂಬಿದ್ದೇನೆ. ಇತ್ತ ನಮ್ಮ ಮನೆಯ ಸಮಾಚಾರವನ್ನು ತಮಗೆ ಬೇರೆಯಾಗಿ ತಿಳಿಸಬೇಕಾಗಿಲ್ಲ. ಇಂಥ ಪತ್ರವನ್ನು ಗುಟ್ಟಾಗಿ ಬರೆಯುವುದೇ ಮರ್ಯಾದೆ, ಆದರೆ ತಾವು ಗುಟ್ಟೆಂಬುದನ್ನೇ ಉಳಿಸಿಲ್ಲವಾದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಆರೋಗ್ಯ ಸಮೀಕ್ಷೆಯ ನರ್ಸ್ ವನಜಾಕ್ಷಿಯವರು ಮನೆಗೆ ಬಂದು, ನಾವು ತಿನ್ನುವ ಆಹಾರದಲ್ಲಿ ಅಯೋಡಿನ್ ಸಾಕಷ್ಟಿದೆಯೇ ಎಂದು ತಿಳಿಯಲು ಎಂಜಲು ಬೇಕೆಂದಾಗ, ಮೊದಲು ಬಾಯಿ ತೆರೆದವನೇ ನಾನು. ಒಂದು ದಿನದ ಎಂಜಲನ್ನು ನಂಬಿ ಏನೂ ಹೇಳಲಾಗದೆಂದು ಅವರು ಹದಿನಾಲ್ಕು ದಿನ, ಪ್ರತಿ ಸಂಜೆ, ಪುಟ್ಟ ಸೀಸೆಗಳನ್ನು ಹಿಡಿದು ಬಂದರು. ಒಬ್ಬರು ಕಚ್ಚಿ ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟದ ನಮ್ಮ ಮನೆಯಿಂದ ನನ್ನ, ನನ್ನ ಹೆಂಡತಿ ಗಿರಿಜಾಂಬಿಕಾಳ ಮತ್ತು ಐದು ತಿಂಗಳ ಬಸುರಿಯಾದ ಸೊಸೆ ಸೌಂದರ್ಯಳ ಎಂಜಲುಗಳು ಒಂದೇ ಡಬ್ಬಿಯಲ್ಲಿ ಅಕ್ಕಪಕ್ಕ ಕುಳಿತು ತಮ್ಮಲ್ಲಿಗೆ ಪ್ರಯಾಣ ಬೆಳೆಸಿದವು.

ನಮ್ಮ ಮನೆಯಲ್ಲಿ ಕಲ್ಲುಪ್ಪಲ್ಲದೆ ಬೇರೆ ಉಪ್ಪಿಗೆ ಪ್ರವೇಶವಿರಲಿಲ್ಲ. ಇದು ನನ್ನದೇ ಕಟ್ಟಪ್ಪಣೆ. ಪ್ಯಾಕೆಟ್ ಉಪ್ಪಿಗೂ ಅಮ್ಮಸಂದ್ರದ ಸಿಮೆಂಟಿಗೂ ಅಂಥ ವ್ಯತ್ಯಾಸವೇನಿಲ್ಲವೆಂದು ಮದುವೆಮನೆಗಳಲ್ಲಿ ಕೂಡ ಉಪದೇಶ ಮಾಡಿದವನು ನಾನು. ಬಸುರಿಯಾದ ಹೊಸತರಲ್ಲಿ ಸೌಂದರ್ಯ, “ಮಾವ, ಡಾಕ್ಟ್ರು ಅಯೋಡಿನ್ ಇರೋ ಉಪ್ಪೇ ಹಾಕ್ಬೇಕು ಅಂದವ್ರೆ” ಎಂದು ಮೆಲ್ಲಗೆ ಹೇಳಿದಾಗ, “ಮೂರು ತಲೆಮಾರು ಕಲ್ಲುಪ್ಪು ತಿಂದೇ ಬೆಳ್ದಿರೋದು ಕಣಮ್ಮ, ನಮ್ಗೇನಾಗೈತೆ?” ಎಂದು ಗದರಿ ಕಳಿಸಿದೆ. ಆಕೆ ಮತ್ತೆ ಕೇಳಲಿಲ್ಲ.

ತಾವು ದಯಪಾಲಿಸಿದ ವರದಿಯಲ್ಲಿ ದಿನದಿನದ ಅಯೋಡಿನ್ ತೋರಿಸುವ ಗೆರೆಗಳ ಪೈಕಿ ಅತ್ತೆಯದು, ಸೊಸೆಯದು ಎರಡೂ ನೆಲ ಕಚ್ಚಿ ಮಲಗಿದ್ದವು. ನನ್ನ ಗೆರೆಯೊಂದು ಮಾತ್ರ ವಾರಕ್ಕೆರಡು ಸಲ ಎದ್ದು ನಿಂತಿತ್ತು. ಗಿರಿಜಾಂಬಿಕಾ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ವರದಿಯ ಪಕ್ಕದಲ್ಲಿಟ್ಟು, ದಿನ ದಿನಕ್ಕೂ ಬೆರಳಿಟ್ಟು ನೋಡಿ, “ಅಲ್ಲಾ ಕಣ್ರೀ, ಹರಾಜಿನ್ ದಿನಾನೇ ಯಾಕೆ ಏರೈತೆ ಇದು? ಕೊಬ್ರಿ ಧೂಳಲ್ಲೂ ಅಯೋಡಿನ್ ಇರ್ತದಾ?” ಎಂದು ಕೇಳಿದಳು.

ಇರುವುದಿಲ್ಲ. ತಿಪಟೂರಿನ ಕೊಬ್ಬರಿ ಹರಾಜಿಗೆ ಹೋದಾಗಲೆಲ್ಲ ನಾನು ಮನೆಯ ಬುತ್ತಿಯನ್ನು ಮೂಟೆ ಹೊರುವ ಬೆಟ್ಟಸ್ವಾಮಿಗೆ ದಾಟಿಸಿ, ಹೋಟೆಲಿನ ಮೂಲೆಯ ಮೇಜಿನಲ್ಲಿ ಖಾರಾಬಾತು, ಎರಡು ವಡೆ, ಮೇಲೊಂದು ಮಸಾಲೆ ದೋಸೆಯನ್ನು ಪ್ಯಾಕೆಟ್ ಉಪ್ಪಿನ ಸಮೇತ ಸ್ವೀಕರಿಸುತ್ತಿದ್ದೆ. ಹನ್ನೊಂದು ವರ್ಷ ಬೆಟ್ಟಸ್ವಾಮಿ ಈ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ. ತಾವು ಹದಿನಾಲ್ಕೇ ದಿನದಲ್ಲಿ ಬಿಚ್ಚಿಟ್ಟಿರಿ. ಇಂಥ ದಕ್ಷರನ್ನು ಸರ್ಕಾರವು ಎಂಜಲಿಗೆ ಮಾತ್ರ ಸೀಮಿತಗೊಳಿಸಿರುವುದು ನಾಡಿನ ದುರದೃಷ್ಟವೆಂದೇ ನನ್ನ ಅಭಿಪ್ರಾಯ.

ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯಲು ಅಯೋಡಿನ್ ಬೇಕೇಬೇಕೆಂದು ವನಜಾಕ್ಷಿಯವರು ವಿವರಿಸುವಾಗ, ಸೌಂದರ್ಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ನೋಡಿದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಆದಕಾರಣ ನನ್ನ ಗೆರೆಯಲ್ಲಿ ಏರಿರುವಷ್ಟನ್ನೂ ಕತ್ತರಿಸಿ ಆಕೆಯ ಗೆರೆಗೆ ಜೋಡಿಸಿ, ಅದು ಐದು ತಿಂಗಳ ಹಿಂದಿನಿಂದಲೇ ಜಾರಿಗೆ ಬರುವಂತೆ ಆದೇಶಿಸಬೇಕೆಂದು ಕೈಮುಗಿದು ಬೇಡುತ್ತೇನೆ. ಇದಕ್ಕೆ ನಿಯಮದಲ್ಲಿ ಅವಕಾಶವಿಲ್ಲವೆಂದಾದರೆ ಯಾರನ್ನು ಕಾಣಬೇಕೆಂದಾದರೂ ತಿಳಿಸಿ. ತುರುವೇಕೆರೆಯಾದರೂ ಸರಿ, ದಿಲ್ಲಿಯಾದರೂ ಸರಿ, ಹೋಗಿ ಕಾಣುತ್ತೇನೆ.

ಇಂತು, ಉಪದೇಶ ನಿಲ್ಲಿಸಿರುವ
ತಮ್ಮ ವಿಶ್ವಾಸಿ,
ಮರುಳಸಿದ್ದಯ್ಯ

ವಿ.ಸೂ.: ವರದಿ ಬಂದ ದಿನವೇ ಅಯೋಡಿನ್ ಉಪ್ಪಿನ ಪ್ಯಾಕೆಟ್ಟನ್ನು ನಾನೇ ತಂದು ಸೌಂದರ್ಯಳ ಕೈಗೆ ಕೊಟ್ಟಿದ್ದೇನೆ. ಮುಂದಿನ ತಿಂಗಳು ಸೀಸೆಗಳು ಮತ್ತೆ ತಮ್ಮಲ್ಲಿಗೆ ಬರುತ್ತವೆ. ಆಕೆಯ ಗೆರೆ ಏರಿದ್ದರೆ ದಯವಿಟ್ಟು ದಪ್ಪಗೆ ಎಳೆಯಿರಿ. ಇನ್ನು ನನ್ನ ವಿಷಯ: ಮನೆಯ ಉಪ್ಪೂ ಹೋಟೆಲಿನ ಉಪ್ಪೂ ಈಗ ಒಂದೇ ಆಗಿರುವುದರಿಂದ, ನಾನು ಎಲ್ಲಿ ಉಂಡೆನೆಂಬುದನ್ನು ಇನ್ನು ಮುಂದೆ ತಾವು ಪತ್ತೆ ಹಚ್ಚಲಾರಿರಿ. ಗಿರಿಜಾಂಬಿಕಾಗೆ ಇದು ಇನ್ನೂ ಹೊಳೆದಿಲ್ಲ. ತಾವಾಗಿ ಹೇಳಬಾರದಾಗಿ ವಿನಂತಿ.