ಹದಿನಾಲ್ಕು ಮನೆ, ಒಂದು ಹಣೆ

ದೊಡ್ಡ ಕುಟುಂಬದಲ್ಲಿ ಕೊನೆಯವನಾಗಿ ಹುಟ್ಟಬಾರದು. ಹುಟ್ಟಿದರೂ ನೇಪಾಳದ ಪಾಟನ್‌ನಲ್ಲಿ ಹುಟ್ಟಬಾರದು. ನಾನು ಎರಡೂ ತಪ್ಪನ್ನು ಒಂದೇ ದಿನ ಮಾಡಿದೆ.

ನನಗೀಗ ಐವತ್ಮೂರು. ಮಂಗಳಬಜಾರಿನ ಹಿಂದಿನ ಓಣಿಯಲ್ಲಿ ತಾಮ್ರದ ಪಾತ್ರೆಗಳ ಅಂಗಡಿ ಇದೆ. ಗಿರಾಕಿಗಳು ‘ಹೇರಾಕಾಜಿ ಸಾಹುಕಾರರೇ’ ಎನ್ನುತ್ತಾರೆ. ನೆಂಟರ ಪಾಲಿಗೆ ಮಾತ್ರ ಇನ್ನೂ ‘ನಮ್ಮ ಚಿಕ್ಕವನು’. ಚಿಕ್ಕವನಾದ ಕಾರಣ, ದಸೈಂ ಹಬ್ಬ ಬಂತೆಂದರೆ ವಿಜಯದಶಮಿಯಿಂದ ಹುಣ್ಣಿಮೆಯವರೆಗೆ ಹಿರಿಯರ ಮನೆಮನೆಗೂ ಹೋಗಿ ಹಣೆಯೊಡ್ಡಿ ಆಶೀರ್ವಾದ ಪಡೆಯಬೇಕು. ಲೆಕ್ಕ ಹಾಕಿದರೆ ಹದಿನಾಲ್ಕು ಮನೆ. ಪ್ರತಿ ಮನೆಯಲ್ಲೂ ಮೊಸರು, ಅಕ್ಕಿ, ಕುಂಕುಮ ಕಲಸಿದ ಮುದ್ದೆಯೊಂದನ್ನು ಹಣೆಗೆ ಮೆತ್ತುತ್ತಾರೆ. ಬ್ರಹ್ಮ ಅಲ್ಲಿ ಏನೇ ಬರೆದಿದ್ದರೂ ಓದಲಾಗದಂತೆ ಹದಿನಾಲ್ಕು ಪದರ! ಆಮೇಲೆ ಅವಲಕ್ಕಿ, ಕೋಣದ ಮಾಂಸ, ಮೊಟ್ಟೆ, ಮನೆಯಲ್ಲೇ ಇಳಿಸಿದ ಸಾರಾಯಿ. ‘ಸಾಕು’ ಎಂದರೆ ಅತ್ತಿಗೆಗೆ ಅವಮಾನ, ‘ಇನ್ನಷ್ಟು’ ಎಂದರೆ ಹೊಟ್ಟೆಗೆ ಅವಮಾನ.

ಇದು ಸಾಲದೆಂಬಂತೆ ನಾನು ಬುದ್ಧನ ಕಡೆಯವನು, ಹೆಂಡತಿ ಕೇಶಲಾನಿ ಶಿವನ ಕಡೆಯವಳು, ಎಂದರೆ ಹಿಂದೂ. ಮದುವೆಯ ದಿನ ಊರವರು ‘ಆಹಾ, ಎಂಥ ಸಮನ್ವಯ!’ ಎಂದು ಹೊಗಳಿದ್ದರು. ಸಮನ್ವಯವೆಂದರೆ ಅವಳ ಹಬ್ಬವೂ ಉಂಟು, ನನ್ನ ಹಬ್ಬವೂ ಉಂಟು, ಬಿಡುವು ಮಾತ್ರ ಇಬ್ಬರಿಗೂ ಇಲ್ಲ ಎಂದು ಆಮೇಲೆ ತಿಳಿಯಿತು. ಹಾವಿಗೊಂದು ದಿನ, ಹಸುವಿಗೊಂದು ದಿನ, ಕಾಗೆಗೊಂದು, ನಾಯಿಗೊಂದು. (ಗಂಡಂದಿರಿಗೇನಾದರೂ ಇದೆಯೇ ಎಂದು ಪಂಚಾಂಗವನ್ನು ಮೂರು ಸಲ ತಿರುವಿಹಾಕಿದ್ದೇನೆ.)

ಹೀಗೆ ಬಸವಳಿದಿದ್ದ ನನಗೆ ಹೋದ ವರ್ಷ ನವಮಿಯ ಬೆಳಿಗ್ಗೆ ಒಂದು ದಿವ್ಯ ಉಪಾಯ ಹೊಳೆಯಿತು. ನಮ್ಮ ಮನೆಯ ಮರದ ಮೆಟ್ಟಿಲು ಏಣಿಯಷ್ಟೇ ಕಡಿದು. ಅದರಿಂದ ಯಾರು ಬಿದ್ದರೂ ನಂಬುವಂಥದ್ದು. ಬಲಗಾಲಿನ ಮಂಡಿಗೆ ಹಳೆಯ ಪಂಚೆಯ ಚೂರೊಂದನ್ನು ಸುತ್ತಿಕೊಂಡು ಮಂಚದ ಮೇಲೆ ಮಲಗಿ ನರಳಿದೆ. ಕೇಶಲಾನಿ ಬಂದಳು.

“ಏನಾಯ್ತು?”

“ಮೆಟ್ಟಿಲಿಂದ ಬಿದ್ದೆ ಕಣೇ.”

“ಯಾವ ಮೆಟ್ಟಿಲು?”

“ಐದನೇದು.”

“ಸದ್ದೇ ಕೇಳಿಸ್ಲಿಲ್ವಲ್ಲ?”

“ಮೆಲ್ಲಗೆ ಬಿದ್ದೆ.”

ಅವಳು ನನ್ನ ಕಾಲನ್ನು ನೋಡಿದಳು, ಮುಖವನ್ನು ನೋಡಿದಳು. “ಪಾಪ, ಹಾಗಾದ್ರೆ ಏಳ್ಬೇಡಿ. ದೊಡ್ಡಕ್ಕಂಗೆ ಫೋನ್ ಮಾಡಿ ಹೇಳ್ತೀನಿ” ಎಂದು ಹೋದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನನ್ನ ಮಾತನ್ನು ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ಆಗಲೇ ನಾನು ಹೆದರಬೇಕಿತ್ತು. ಹೆದರುವ ಬದಲು ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ದಂಡು ಬಂದಂಥ ಸದ್ದು. ಮುಂಚೂಣಿಯಲ್ಲಿ ದೊಡ್ಡಕ್ಕ ಹರ್ಷಲಾನಿ, ಕಂಕುಳಲ್ಲಿ ಮಾಂಸದ ತಪ್ಪಲೆ.

“ಅಯ್ಯೋ ಪುಟ್ಟಾ! ಕಾಲು ನಮ್ಮನೆಗೆ ಬರದಿದ್ರೇನು, ನಾವೇ ಹಣೆ ಇರೋ ಕಡೆ ಬಂದ್ವಿ!”

ಅವಳ ಹಿಂದೆ ಅಣ್ಣಂದಿರು, ಅತ್ತಿಗೆಯರು, ಅವರವರ ಬುಟ್ಟಿ, ಅವರವರ ಹೂಜಿ. ಬೇರೆ ವರ್ಷಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವಾಗ ತಿಂದದ್ದು ಒಂದಿಷ್ಟಾದರೂ ಇಳಿಯುತ್ತಿತ್ತು. ಈಗ ನಡಿಗೆಯೂ ಇಲ್ಲ. ಮಲಗಿದ್ದವನ ಬಾಯಿಗೆ ಅತ್ತಿಗೆಯರು ಸರದಿಯ ಮೇಲೆ ತುತ್ತಿಟ್ಟರು. ಹಣೆಯಿಂದ ಜಾರಿದ ಅಕ್ಕಿ ಕಿವಿಯೊಳಗೆ ಇಳಿಯಿತು. ಕಾಲು ಕೆಟ್ಟಿದೆ ಎಂದವನ ಕಾಲವೇ ಕೆಟ್ಟುಹೋಯಿತು.

ಅಷ್ಟರಲ್ಲಿ ಸೋದರಮಾವ ಅಷ್ಟಮಾನ್ ಏದುಸಿರು ಬಿಡುತ್ತಾ ಬಂದರು. ಎಂಬತ್ತೊಂದು ವರ್ಷ. ಅದರಲ್ಲಿ ಅರುವತ್ತು ವರ್ಷ ಊರಿನವರ ಮೂಳೆ ಕೂರಿಸಿದವರು. ಸಾಸಿವೆ ಎಣ್ಣೆಯಲ್ಲಿ ಮೆಂತ್ಯ ಕಾಯಿಸಲು ಅತ್ತಿಗೆಯರಿಗೆ ಹೇಳಿ ತೋಳು ಮಡಚಿದರು.

“ಎಲ್ಲಿ, ತೋರ್ಸು ಅಳಿಯಾ.”

“ಬೇಡ ಮಾವ, ತಾನಾಗೇ ವಾಸಿ ಆಗುತ್ತೆ...”

“ತಾನಾಗೇ ವಾಸಿಯಾಗೋದು ಪ್ರೇಮ, ಮಂಡಿ ಅಲ್ಲ” ಎಂದವರೇ ಕಾಲನ್ನು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿದರು. ನನ್ನ ಕೂಗಿಗೆ ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು. ಅಷ್ಟೊತ್ತೂ ಸುಳ್ಳಾಗಿದ್ದ ನೋವು ಆ ಕ್ಷಣದಿಂದ ಅಪ್ಪಟ ನಿಜವಾಯಿತು.

ದೊಡ್ಡಕ್ಕ ಗೊಳೋ ಎಂದಳು. ಕೈ ಜೋಡಿಸಿ, “ಭಗವಂತಾ, ಬುದ್ಧಾ! ನನ್ನ ತಮ್ಮ ಎದ್ದು ಓಡಾಡಿದ್ರೆ ಬರೋ ಮತಯಾ ದೀಪದ ಹಬ್ಬಕ್ಕೆ ಬರಿಗಾಲಲ್ಲಿ ಊರಿನ ಎಲ್ಲ ಚೈತ್ಯಕ್ಕೂ ದೀಪ ಇಟ್ಟು ಬರ್ತಾನೆ” ಎಂದು ಹರಕೆ ಹೊತ್ತಳು. ಹೊತ್ತವಳು ಅವಳು, ನಡೆಯಬೇಕಾದವನು ನಾನು. ಪಾಟನ್‌ನಲ್ಲಿ ಚೈತ್ಯಗಳು, ಅಂದರೆ ಬುದ್ಧನ ಪುಟ್ಟ ಸ್ತೂಪಗಳು, ಸಾವಿರಕ್ಕೂ ಮಿಕ್ಕಿವೆ.

ಮೂರನೇ ದಿನ ನಿದ್ದೆಗಣ್ಣಿನಲ್ಲಿ ಪಟ್ಟಿ ಬಿಚ್ಚಿ ಕಟ್ಟುವಾಗ ಎಡಗಾಲಿಗೆ ಕಟ್ಟಿಕೊಂಡುಬಿಟ್ಟೆ. ಮೂರನೆಯ ಅತ್ತಿಗೆ ಕಣ್ಣರಳಿಸಿದಳು. “ನಿನ್ನೆ ಬಲಗಾಲಲ್ವಾ?”

ಕೇಶಲಾನಿ ಹೂಜಿ ಬಗ್ಗಿಸುತ್ತಿದ್ದವಳು ತಲೆಯನ್ನೂ ಎತ್ತದೆ, “ಹೂಂ, ಹರಡ್ತಾ ಇದೆ. ಮಾವ, ಆ ಕಾಲೂ ಒಂಚೂರು ತಿಕ್ಕಿಬಿಡಿ” ಎಂದಳು.

ಎಲ್ಲರೂ ಹೋದ ಮೇಲೆ ಕೇಳಿದೆ. “ನಿಂಗೆ ಗೊತ್ತಿತ್ತಾ?”

“ಐದನೇ ಮೆಟ್ಟಿಲಿಂದ ಮೆಲ್ಲಗೆ ಬಿದ್ದಾಗ್ಲೇ.”

“ಮತ್ಯಾಕೆ ಸುಮ್ನಿದ್ದೆ?”

“ನಿಮ್ಗೊಬ್ರಿಗೇ ಕಾಲಿರೋದಾ?” ಎಂದಳು ಗೋಡೆಗೊರಗಿ. “ಇಪ್ಪತ್ತಾರು ವರ್ಷ ನಿಮ್ಮ ಹಿಂದೆ ತಟ್ಟೆ ಹಿಡ್ಕೊಂಡು ನಡೆದಿದ್ದೀನಿ. ಈ ವರ್ಷ ಒಂದೊಲೆ ಹಚ್ಚಿಲ್ಲ, ಒಂದು ಮೆಟ್ಟಿಲು ಇಳಿದಿಲ್ಲ. ಹುಣ್ಣಿಮೆವರೆಗೂ ನೀವು ಏಳ್ಕೂಡ್ದು.”

ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅದು ಎಷ್ಟು ವರ್ಷದಿಂದ ಇದೆಯೋ, ನಾನು ನೋಡಿದ್ದು ಆಗ. ಬಾಯಿ ಮುಚ್ಚಿಕೊಂಡು ಹುಣ್ಣಿಮೆವರೆಗೆ ಎರಡೂ ಕಾಲು ತಿಕ್ಕಿಸಿಕೊಂಡೆ.

ಎದ್ದು ನಿಂತ ಮೇಲೆ ಹರಕೆ ಬಿಡುತ್ತದೆಯೇ? ಈ ಶ್ರಾವಣದಲ್ಲಿ, ಹಸುವಿನ ಜಾತ್ರೆ ಮುಗಿದ ಎರಡನೆಯ ದಿನ ಬರುವ ಮತಯಾದಂದು, ಬೆಳಕು ಹರಿಯುವ ಮೊದಲೇ ಚಪ್ಪಲಿ ಬಿಟ್ಟು ಹೊರಟೆ. ಮುಂದೆ ಸಾವಿರಾರು ಜನ, ಹಿಂದೆ ಸಾವಿರಾರು ಜನ, ಮೇಲೆ ಜಡಿಮಳೆ. ಕೇಶಲಾನಿ ಕೃಷ್ಣಾಷ್ಟಮಿಯ ತಯಾರಿಯಲ್ಲಿದ್ದಳು. (ಅದು ಅವಳ ಕಡೆಯವರ ಹಬ್ಬ.) ಚೈತ್ಯಗಳೋ, ಅಂಗಳದಲ್ಲಿ, ಸಂದಿಯಲ್ಲಿ, ಯಾರದೋ ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಒಂದೊಂದಕ್ಕೂ ದೀಪ, ನಾಲ್ಕು ಕಾಳು ಅಕ್ಕಿ, ಒಂದು ನಮಸ್ಕಾರ. ನಮ್ಮ ಹಿರಿಯರ ಭಕ್ತಿ ದೊಡ್ಡದು. ಅವರ ಮೊಮ್ಮಕ್ಕಳ ಅಂಗಾಲಿನ ಬಗ್ಗೆ ಅವರು ಯೋಚಿಸಿದ ಹಾಗೆ ಕಾಣುವುದಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ದೊಡ್ಡಕ್ಕನ ಅಂಗಳ ತಲುಪಿದಾಗ ಅಂಗಾಲು ಸುಲಿದಿತ್ತು. ಜಗಲಿಯ ಮೇಲೆ ಕುಸಿದೆ. ಅಕ್ಕ ಬಿಸಿ ನೀರು ತಂದು ಒದ್ದೆ ಬಟ್ಟೆಯಿಂದ ನನ್ನ ಪಾದ ಒರೆಸತೊಡಗಿದಳು. ಎಪ್ಪತ್ತರ ಮುದುಕಿ, ನನ್ನ ಕಾಲ ಬಳಿ. ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ಹೋದ್ವರ್ಷ ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ. ಸುಳ್ಳು ಹೇಳ್ದೆ.”

“ಗೊತ್ತು ಕಣೋ.”

“ಯಾರು ಹೇಳಿದ್ರು?”

“ಅರುವತ್ತು ವರ್ಷ ಮೂಳೆ ನೋಡ್ದೋರಿಗೆ ಗೊತ್ತಾಗಲ್ವೇನೋ? ಮಾವ ಮೊದಲನೇ ದಿನವೇ ಮೆಟ್ಟಿಲಿಳಿಯುವಾಗ ನಗ್ತಾ ಹೇಳಿದ್ರು, ಕುದುರೆ ಹಾಗಿದೆ ಮಂಡಿ ಅಂತ.”

“ಮತ್ತೆ ಹುಣ್ಣಿಮೆವರೆಗೂ ಯಾಕೆ ಬಂದ್ರಿ?”

ಅಕ್ಕ ನಕ್ಕಳು. “ಚೆನ್ನಾಗಿತ್ತಲ್ಲೋ! ಯಾವಾಗ್ಲೂ ಅವರವರ ಮನೇಲಿ ನೀನು ಬರೋದನ್ನ ಕಾಯ್ತಾ ಕೂತಿರ್ತಿದ್ವಿ, ಸಾರು ಆರೋದು, ಕಾಯ್ಸೋದು. ನಮಗೇನು ಸುಸ್ತಾಗಲ್ವಾ? ನಿಮ್ಮನೇಲಿ ಎಲ್ಲರೂ ಒಟ್ಟಿಗೆ ಕೂತು ನಕ್ಕು ಎಷ್ಟು ವರ್ಷ ಆಗಿತ್ತು. ಅದಕ್ಕೇ ಮೊನ್ನೆ ಎಲ್ಲ ಸೇರಿ ತೀರ್ಮಾನ ಮಾಡಿದ್ವಿ. ಇನ್ಮೇಲೆ ಪ್ರತಿ ದಸೈಂಗೂ ಹುಣ್ಣಿಮೆವರೆಗೆ ಹದಿನಾಲ್ಕು ಮನೆಯವರೂ ನಿಮ್ಮನೇಲೇ.”

“ತಪ್ಪಲೆ ತರ್ತೀರಲ್ವಾ?” ಎಂದೆ ಸಣ್ಣ ದನಿಯಲ್ಲಿ.

“ಆ ಮೆಟ್ಟಿಲು ಹತ್ತಿಸೋಕೆ ನಮ್ಮ ಸೊಂಟ ಉಳಿಯತ್ತೇನೋ? ಅಡುಗೆ ಕೇಶಲಾನಿ ಮಾಡ್ತಾಳೆ. ಅವಳ ಕೈರುಚಿ ಯಾರಿಗಿದೆ! ನಾವು ಕೈ ಬೀಸ್ಕೊಂಡು ಬರ್ತೀವಿ.”

“ಅವಳಿಗೆ ಹೇಳಿದ್ದೀರಾ?”

“ನೀನೇ ಇದ್ದೀಯಲ್ಲ. ಇವತ್ತು ಮನೆಗೆ ಹೋಗಿ ಹೇಳ್ಬಿಡು.”

ನಾನು ಎದ್ದೆ. ಮಳೆ ನಿಂತಿತ್ತು. ಮುಂದೆ ಹೋಗುತ್ತಿದ್ದ ಪಕ್ಕದಂಗಡಿಯವನನ್ನು ತಡೆದು, ಇನ್ನೆಷ್ಟು ಚೈತ್ಯ ಬಾಕಿ ಎಂದು ಕೇಳಿದೆ.

“ಇನ್ನೇನು, ಮುನ್ನೂರು ಚಿಲ್ಲರೆ. ಸಂಜೆಗೆ ಮುಗೀತು!” ಎಂದು ಅವನು ಧೈರ್ಯ ಹೇಳಿದ.

“ಬರೀ ಮುನ್ನೂರಾ?” ಎಂದೆ. ಆಮೇಲೆ ಒಂದೊಂದು ದೀಪವನ್ನೂ ಬಹಳ ನಿಧಾನವಾಗಿ ಹಚ್ಚತೊಡಗಿದೆ.