ನೌಕೆಯ ಮೈಮೇಲಿನ ಬಿಸಿಲು

…ಅಥವಾ ಆ ಪ್ರಶ್ನೆ ಕೇಳಿದ್ದು ನಾನೇ ಇರಬಹುದೇ? ಇಲ್ಲ, ಮಾವನವರೇ ಕೇಳಿದ್ದು. ಗುತ್ತಲಿನ ನಮ್ಮ ಮನೆಯಲ್ಲಿ, ಮಧ್ಯಾಹ್ನ ಮುದ್ದೆ ಮುಗಿಸಿ ಕೈ ತೊಳೆಯುವ ಮುಂಚೆ. ಬೆಳಗಿನ ಕಾಫಿಯ ಹೊತ್ತಿನಲ್ಲಿ ಎನ್ನುತ್ತಾಳೆ ನನ್ನ ಹೆಂಡತಿ. ನನ್ನ ನೆನಪನ್ನು ನಾನೂ ಅಷ್ಟಾಗಿ ನಂಬುವುದಿಲ್ಲ. ಅದು ಯಾವಾಗಲೂ ನನ್ನನ್ನು ಇದ್ದದ್ದಕ್ಕಿಂತ ತುಸು ಜಾಣನನ್ನಾಗಿ ಮಾಡಿಯೇ ಒಪ್ಪಿಸುತ್ತದೆ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮಳವಳ್ಳಿಯ ಒಂದು ಶಾಲೆಯವರು ಭಾಷಣಕ್ಕೆ ಕರೆದಿದ್ದರು. ಚಂದ್ರನನ್ನು ಸುತ್ತುವ ನೌಕೆ ಸೂರ್ಯನಿಂದ ಬರುವ ಎಲೆಕ್ಟ್ರಾನುಗಳನ್ನು ಹೇಗೆ ಎಣಿಸುತ್ತದೆ ಎಂಬುದು ವಿಷಯ. ಮಾವನವರು ಶಿವನಸಮುದ್ರದ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತರಾದವರು. ಯಾವ ಮೀಟರನ್ನಾದರೂ ಓದುವ ಮೊದಲು ಮೀಟರನ್ನೇ ಪರೀಕ್ಷಿಸುವುದು ಅವರ ಅಭ್ಯಾಸ. ಮದುವೆಗೆ ಮುಂಚೆ ನನ್ನನ್ನೂ ಹಾಗೆಯೇ ಪರೀಕ್ಷಿಸಿದ್ದರು. ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ. ಭಾಷಣ ಕೇಳಲು ತಾವೂ ಬರುವುದಾಗಿ ಹೇಳಿದ್ದರಿಂದ, ಮಾನ ಉಳಿಸಿಕೊಳ್ಳಲು ಅವರ ಮುಂದೆಯೇ ಒಮ್ಮೆ ಒಪ್ಪಿಸಿದೆ. ಚಂದ್ರನಲ್ಲಿ ಗಾಳಿಯಿಲ್ಲ, ಸೂರ್ಯನ ಕಣಗಳು ತಡೆಯಿಲ್ಲದೆ ಬಂದು ನೆಲಕ್ಕೆ ಬಡಿಯುತ್ತವೆ, ಚಂದ್ರನ ಬೆನ್ನ ಹಿಂದೆ ಆ ಕಣಗಳಿಲ್ಲದೆ ಬಹುತೇಕ ಖಾಲಿ, ಬಿಸಿಲು ಬಿದ್ದರೆ ಅಲ್ಲಿನ ಕಲ್ಲಿನಿಂದಲೂ ಎಲೆಕ್ಟ್ರಾನುಗಳು ಚಿಮ್ಮುತ್ತವೆ ಎಂದೆಲ್ಲ ಹೇಳಿದೆ.

"ಅಲ್ಲ ಕಣ್ ಅಳಿಯಂದ್ರೆ," ಎಂದರು ಮಾವನವರು, "ಬಿಸ್ಲು ಬಿದ್ರೆ ಕಲ್ಲಿಂದ್ಲೇ ಎದ್ ಬತ್ತವೆ ಅಂತೀರ. ನಿಮ್ ನೌಕೆ ಮೈಮ್ಯಾಲೆ ಬಿಸ್ಲು ಬೀಳಾಕಿಲ್ವಾ? ಅದ್ರ ಮೈಯಿಂದ್ಲೂ ಎದ್ರೆ, ಅದು ಎಣ್ಸೋದು ಸೂರ್ಯಂದೋ, ತನ್ದೋ?"

"ಅದನ್ನ ಲೆಕ್ಕದಿಂದ ಕಳೀತಾರೆ, ಮಾವ."

"ಎಂಗೆ?"

ಅಡುಗೆಮನೆಯಿಂದ ನನ್ನ ಹೆಂಡತಿ, "ಸುಮ್ಕಿರಪ್ಪೋ. ಪಾಪ, ಅವ್ರಿಗೆ ಗೊತ್ತಿದ್ರೆ ಯೋಳಾಕಿಲ್ವಾ?" ಎಂದಳು. ಆ 'ಪಾಪ' ನನ್ನನ್ನು ಪ್ರಶ್ನೆಗಿಂತ ಹೆಚ್ಚು ಕುಗ್ಗಿಸಿತು.

"ಆಯ್ತು ಬುಡವ್ವ. ಭಾಷ್ಣದಲ್ಲೇ ಎದ್ ನಿಂತ್ಕಂಡು ಕೇಳ್ತೀನಿ."

ಮಳವಳ್ಳಿಯಲ್ಲಿ ಅವರು ಮುಂದಿನ ಸಾಲಿನಲ್ಲೇ ಕೂತರು. ಭಾಷಣ ಮುಗಿಯುವ ಹೊತ್ತಿಗೆ ಕನ್ನಡಕ ಒರೆಸಿಕೊಂಡು ಮೊಣಕಾಲಿನ ಮೇಲೆ ಕೈಯೂರಿ ಏಳತೊಡಗಿದ್ದನ್ನು ಕಂಡೆ. ಅವರು ಪೂರ್ತಿ ಏಳುವ ಮೊದಲೇ, "ಇಲ್ಲಿ ನನ್ನನ್ನೊಂದು ಸಂಶಯ ಕಾಡುತ್ತದೆ" ಎಂದು ಅವರ ಪ್ರಶ್ನೆಯನ್ನೇ, ಒಳ್ಳೆಯ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ, ಸಭೆಯ ಮುಂದಿಟ್ಟು ಭಾಷಣ ಮುಗಿಸಿಬಿಟ್ಟೆ. ಚಪ್ಪಾಳೆ! "ಇದಪ್ಪಾ ವಿಜ್ಞಾನಿಯ ಮನೋಭಾವ" ಎಂದು ಹೆಡ್‌ಮಾಸ್ಟರು ಶಾಲು ಹೊದಿಸಿದರು. ಅರ್ಧ ಎದ್ದಿದ್ದ ಮಾವನವರು ಮೆಲ್ಲಗೆ ಕೂತರು.

ಬಸ್ಸಿನಲ್ಲಿ ಮದ್ದೂರು ದಾಟಿದ ಮೇಲೆ ಮಾವನವರು, "ಪ್ರಶ್ನೆ ಪಸಂದಾಗಿತ್ತು ಕಣ್ ಅಳಿಯಂದ್ರೆ. ಶಾಲು ಬೆಚ್ಗಿದ್ದದಾ?" ಎಂದರು.

ಒಂದು ವಾರ ಕೂತು ಓದಿದೆ. ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವು ನೌಕೆಯ ಮೈಯಿಂದಲೇ ಎದ್ದವಂತೆ. ಅವನ್ನು ಗುರುತಿಸಿ ಬದಿಗಿಡುತ್ತಾರಂತೆ. ಅರ್ಧ ಅರ್ಥವಾಗಿದ್ದನ್ನು ಪೂರ್ತಿ ಅರ್ಥವಾದವನಂತೆ ಮಾವನವರಿಗೆ ವಿವರಿಸಿದೆ. ಕ್ಷಮೆ ಕೇಳುವುದೂ ಅದರಲ್ಲೇ ಸೇರಿಹೋಗಲಿ ಎಂಬ ಆಸೆಯಿತ್ತು. ಅವರು ಪೂರ್ತಿ ಕೇಳಿಸಿಕೊಂಡು, "ಊಂ" ಎಂದರು. ಅದು ಉತ್ತರ ಒಪ್ಪಿದ ಊಂ ಆಗಿತ್ತೋ, ನನ್ನನ್ನು ಮನ್ನಿಸಿದ ಊಂ ಆಗಿತ್ತೋ, ನನಗೆ ಗೊತ್ತಿಲ್ಲ.