ಹದಿನೇಳು ವರ್ಷದ ಮೇಲು, ಒಂದು ಲೋಟ ಕಾಫಿ

ಬೀಗ ತಯಾರಿಸುವ ಆ ಕಂಪನಿಯ ರವಾನೆ ಗುಮಾಸ್ತನಿಗೆ ಆಫೀಸಿನವರು ಇಟ್ಟ ಹೆಸರು 'ದಾಖಲೆ'. ಯಾರು ಏನೇ ತಕರಾರು ತೆಗೆಯಲಿ, "ನನ್ನ ಹತ್ರ ಮೇಲ್ ಇದೆ" ಎನ್ನುತ್ತಿದ್ದ. ಹದಿನೇಳು ವರ್ಷದಲ್ಲಿ ಬಂದ ಒಂದು ಮೇಲನ್ನೂ ಅವನು ಅಳಿಸಿರಲಿಲ್ಲ. ಲಿಫ್ಟ್ ಕೆಟ್ಟಿದೆ ಎಂಬ ಮೇಲು, ಲಿಫ್ಟನ್ನೇ ಕಿತ್ತು ಗುಜರಿಗೆ ಹಾಕಿದ ಮೇಲೂ ಅವನಲ್ಲಿ ಕ್ಷೇಮವಾಗಿತ್ತು.

ಹಳೆಯ ಮೇಲ್ ವ್ಯವಸ್ಥೆ ಮುಚ್ಚಲಿದೆ ಎಂಬ ಸುತ್ತೋಲೆ ಬಂದು ತಿಂಗಳಾಗಿತ್ತು. ಅದನ್ನೂ ಕಾಪಾಡಿದ್ದ. ಓದಿರಲಿಲ್ಲ, ಅಷ್ಟೆ.

"ಏನ್ ಸಾರ್, ಇಷ್ಟು ತಣ್ಣಗೆ ಕೂತಿದ್ದೀರಿ? ಇವತ್ತು ಸಂಜೆ ಐದಕ್ಕೆ ಹಳೇ ಮೇಲೆಲ್ಲ ಮಾಯ" ಎಂದರು ಬೆಳಿಗ್ಗೆ ಟೈಪಿಸ್ಟ್ ಮೇಡಂ.

ದಾಖಲೆ ಕುರ್ಚಿಯಿಂದ ಎದ್ದೇಬಿಟ್ಟ. ಮಿಕ್ಕದ್ದು ಹಾಳಾಗಲಿ, ಅದರೊಳಗೊಂದು ಮೇಲಿತ್ತು. ಅವನ ಹೆಂಡತಿ ಮದುವೆಗೆ ಮೊದಲು ಇದೇ ಆಫೀಸಿನ ಉಗ್ರಾಣ ವಿಭಾಗದಲ್ಲಿದ್ದಳು. ಮೊದಲು ಕಾಫಿಗೆ ಕರೆದವರು ಯಾರು ಎಂಬುದು ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇತ್ಯರ್ಥವಾಗದ ವ್ಯಾಜ್ಯ. "ನೀನೇ ಕಣೇ" ಎಂದು ಅವನು, "ಅಯ್ಯೋ ರೀ, ನೀವೇ" ಎಂದು ಅವಳು. ಕರೆದವರು ಜೀವನಪೂರ್ತಿ ಬೆಳಿಗ್ಗೆ ಮೊದಲೆದ್ದು ಕಾಫಿ ಮಾಡಬೇಕು ಎಂದು ಅವನ ತಾಯಿ ಎಂದೋ ತೀರ್ಪು ಕೊಟ್ಟಾಗಿತ್ತು. ಸಾಕ್ಷಿ ಸಿಗುವವರೆಗೆ ದಿನ ಬಿಟ್ಟು ದಿನ ಒಬ್ಬೊಬ್ಬರು.

ಕಂಪ್ಯೂಟರ್ ರಿಪೇರಿಯವರು ಕನ್ನಡಕ ಹಣೆಗೇರಿಸಿ ನೋಡಿದರು. "ಹುಡುಕಿದ್ರೆ ಐದು ವರ್ಷದ್ದು ಮಾತ್ರ ಸಿಗತ್ತೆ. ಅದಕ್ಕೂ ಹಳೇದು ಬೇಕಂದ್ರೆ ಇಡೀ ಗಂಟನ್ನೇ ಕಂಪ್ಯೂಟರಿಗೆ ಇಳಿಸ್ಕೋಬೇಕು. ಬಂದ ಮೇಲ್ ಮಾತ್ರ ಬರತ್ತೆ. ಕಳಿಸಿದ್ದು ಆ ಕಾಲದಲ್ಲಿ ಉಳೀತಾನೇ ಇರ್ಲಿಲ್ಲ."

"ನಂಗೆ ಬಂದದ್ದೇ ಬೇಕಾಗಿರೋದು" ಎಂದ ದಾಖಲೆ, ಗೆದ್ದವನ ಹಾಗೆ.

ಗುಂಡಿ ಒತ್ತಿದ. ನಲವತ್ತೊಂದು ಸಾವಿರ ಮೇಲು. ಒಂಬತ್ತು ಗಂಟೆ ಬೇಕು ಎಂದಿತು ಪರದೆ. ಐದಕ್ಕೆ ಉಳಿದದ್ದು ಏಳು. ನೀಲಿ ಪಟ್ಟಿ ತುಂಬು ಬಸುರಿ ಮೆಟ್ಟಿಲು ಹತ್ತಿದಂತೆ ನಿಂತು ನಿಂತು ಮುಂದೆ ಸರಿಯಿತು.

"ಎಲ್ಲರೂ ನೆಟ್ ಬಳಸೋದು ಬಿಟ್ರೆ ಬೇಗ ಇಳಿಯತ್ತೆ" ಎಂದರು ರಿಪೇರಿಯವರು. ಸಹೋದ್ಯೋಗಿಗೋಸ್ಕರ ಇಡೀ ಆಫೀಸು ಒಂದು ಕ್ಷಣವೂ ಯೋಚಿಸದೆ ಕೆಲಸವನ್ನು ತ್ಯಾಗ ಮಾಡಿತು. ಕಾಫಿ ವ್ಯಾಜ್ಯದ ಕಥೆ ಕೇಳಲು ಕುರ್ಚಿಗಳೆಲ್ಲ ದಾಖಲೆಯ ಮೇಜಿನ ಸುತ್ತ ಬಂದವು.

"ಇಷ್ಟೊಂದು ನಂಬಿಕೆ ಒಳ್ಳೇದಲ್ಲ ಸಾರ್. ನಿಮ್ಮ ಮುಖ ನೋಡಿದ್ರೆ ಕರೆದವರು ನೀವೇ ಅನ್ಸತ್ತೆ" ಎಂದರು ಟೈಪಿಸ್ಟ್ ಮೇಡಂ.

"ನನ್ನ ಹತ್ರ ಮೇಲ್ ಇದೆ!"

ಅಷ್ಟರಲ್ಲಿ ಮ್ಯಾನೇಜರು ಹೊರಗೆ ಬಂದರು. ಅವರ ಪರದೆಯಲ್ಲಿ ಗಿರಾಕಿಯೊಬ್ಬ ಬಾಯಿ ತೆರೆದವನು ತೆರೆದಂತೆಯೇ ಕಾಲು ಗಂಟೆಯಿಂದ ಕಲ್ಲಾಗಿದ್ದ. "ಯಾರ್ರೀ ನೆಟ್ ನುಂಗ್ತಿರೋದು?"

ಎಲ್ಲರೂ ಒಂದೇ ಬೆರಳಾಗಿ ತೋರಿಸಿದರು. ದಾಖಲೆ ತೊದಲುತ್ತ ಸಂಗತಿ ಹೇಳಿದ. ಮ್ಯಾನೇಜರು ತಾವೂ ಒಂದು ಕುರ್ಚಿ ಎಳೆದುಕೊಂಡರು. "ನಮ್ಮನೇಲೂ ಇದೇ ರಗಳೆ. ಆದ್ರೆ ನಾವು ಫೋನಲ್ಲಿ ಮಾತಾಡಿದ್ದು. ಸಾಕ್ಷಿ ಇಲ್ಲ."

ಮೂರು ಗಂಟೆಗೆ ಪರದೆ ಫಕ್ಕನೆ ಕಪ್ಪಾಯಿತು. ಸ್ಟೋರ್ ಕೀಪರು ಮೇಜಿನಡಿಯಿಂದ ತಲೆ ಹೊರಗೆ ಹಾಕಿದರು, ಕೈಯಲ್ಲಿ ಕೆಟಲಿನ ವೈರು. "ಬೆಳಗಿಂದ ಏನೂ ಕುಡಿದಿಲ್ಲ ನೀವು. ಒಂದು ಟೀ ಮಾಡಿಕೊಡೋಣ ಅಂತ ಪ್ಲಗ್ ತೆಗೆದೆ."

"ನಿಮ್ಮ ಟೀ ಮನೆ ಹಾಳಾಗ!"

ಪುಣ್ಯಕ್ಕೆ ಪಟ್ಟಿ ಇಪ್ಪತ್ತು ನಿಮಿಷ ಮುನಿಸಿಕೊಂಡು ನಿಂತಲ್ಲಿಂದಲೇ ಹೊರಟಿತು. ನಾಲ್ಕೂವರೆಗೆ ಮತ್ತೆ ನಿಂತು, ಕಂಪ್ಯೂಟರಿನಲ್ಲಿ ಜಾಗವಿಲ್ಲ ಎಂದು ಹಟ ಹಿಡಿಯಿತು. ಏನನ್ನಾದರೂ ಅಳಿಸಬೇಕು. ಜನ್ಮದಲ್ಲಿ ಏನನ್ನೂ ಅಳಿಸದ ದಾಖಲೆ ಕಣ್ಣು ಮುಚ್ಚಿಕೊಂಡು, ಮರುದಿನ ಒಪ್ಪಿಸಬೇಕಿದ್ದ ವಾರ್ಷಿಕ ವರದಿಯನ್ನು ಅದರ ಫೋಟೋಗಳ ಸಮೇತ ಅಳಿಸಿಬಿಟ್ಟ. ಪಕ್ಕದಲ್ಲೇ ಕೂತಿದ್ದ ಮ್ಯಾನೇಜರು ಕಾತರದಲ್ಲಿ ಅದನ್ನು ಗಮನಿಸಲಿಲ್ಲ.

ಐದಕ್ಕೆ ಮೂರು ನಿಮಿಷವಿದ್ದಾಗ ಪಟ್ಟಿ ತುಂಬಿತು. ದಾಖಲೆ ಹೆಂಡತಿಯ ಹೆಸರು ಒತ್ತಿದ. ಎಲ್ಲಕ್ಕಿಂತ ಹಳೆಯದು ಮೇಲೆ ಬಂತು: "ಸಂಜೆ ಐದೂವರೆಗೆ ಎದುರಿನ ಹೋಟೆಲಲ್ಲಿ ಕಾಫಿ ಕುಡಿಯೋಣ. ಕಿಟಕಿ ಪಕ್ಕದ ಟೇಬಲ್ ಹಿಡಿದಿಡಿ."

ಆಫೀಸು ಚಪ್ಪಾಳೆ ತಟ್ಟಿತು. "ಇಂಥದ್ದು ಒಂದೇ ಕಡೆ ಇರಬಾರದು" ಎಂದು ಟೈಪಿಸ್ಟ್ ಮೇಡಂ ತಮ್ಮ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿಕೊಂಡರು. ದಾಖಲೆ ಅದನ್ನು ಪೆನ್ ಡ್ರೈವಿಗೆ ಇಳಿಸಿ ಎದೆಯ ಜೇಬಿನಲ್ಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡೇ ಮನೆಗೆ ನಡೆದ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ತಾಯಿ ಕನ್ನಡಕ ಏರಿಸಿ ನ್ಯಾಯಪೀಠದಲ್ಲಿ ಕೂತರು. ಹೆಂಡತಿ ಒದ್ದೆ ಕೈ ಒರೆಸಿಕೊಂಡು ಬಂದಳು.

"ಓದಮ್ಮ, ಜೋರಾಗಿ ಓದು. ಯಾರು ಕರೆದದ್ದು?" ಎಂದ ದಾಖಲೆ.

ತಾಯಿ ಓದಿದರು. ಸೊಸೆಯ ಮುಖ ನೋಡಿದರು. ಮತ್ತೆ ಪರದೆಗೆ ಬಗ್ಗಿದರು. "ಕೆಳಗೆ ಇದೇನೋ, ಮೂರು ಸಾಸಿವೆ ಕಾಳು?"

"ಚುಕ್ಕಿ ಅಮ್ಮ. ಎಲ್ಲಾ ಮೇಲಲ್ಲೂ ಹಾಗೇ ಇರತ್ತೆ."

"ಸುಮ್ನೆ ಯಾಕಿರತ್ತೆ? ಒತ್ತು."

ಒತ್ತಿದ. ಅವಳು ಯಾವ ಮೇಲಿಗೆ ಉತ್ತರ ಬರೆದಿದ್ದಳೋ ಆ ಮೇಲು ಅಡಿಯಿಂದ ಬಿಚ್ಚಿಕೊಂಡಿತು. ತಾಯಿ ಜೋರಾಗಿಯೇ ಓದಿದರು:

"ವಿಷಯ: ಕಾಫಿ ಕುಡಿಯುವ ಕುರಿತು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಉಗ್ರಾಣ ವಿಭಾಗಕ್ಕೆ ಬಂದಂದಿನಿಂದ ಈ ಕೆಳಗೆ ಸಹಿ ಮಾಡಿದವನು ಬೀಗ ಒಂದೂರಿಗೆ, ಕೀಲಿ ಒಂದೂರಿಗೆ ರವಾನಿಸುತ್ತಿರುವುದನ್ನು ವಿಷಾದದಿಂದ ತಿಳಿಸಲಾಗಿದೆ. ಆದ್ದರಿಂದ ತಾವು ಇಂದು ಸಂಜೆ ಕಾಫಿಗೆ ಆಗಮಿಸಿ ಸಹಕರಿಸಬೇಕಾಗಿ ವಿನಂತಿ. ಶೀಘ್ರ ಉತ್ತರ ಕೋರುವ, ತಮ್ಮ ವಿಶ್ವಾಸಿ."

ತಾಯಿ ನಕ್ಕ ನಗುವಿಗೆ ಕನ್ನಡಕ ಜಾರಿ ತಟ್ಟೆಗೆ ಬಿತ್ತು. ಹೆಂಡತಿ ಮಾತ್ರ ನಗಲಿಲ್ಲ. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಓದಿದಳು.

"ನಾನು ಕೆಲಸ ಬಿಟ್ಟ ದಿನಾನೇ ನನ್ನ ಮೇಲ್ ಮುಚ್ಚಿಬಿಟ್ರು. ಇದು ಹೋಗೇ ಹೋಯ್ತು ಅಂದ್ಕೊಂಡಿದ್ದೆ ರೀ" ಎಂದಳು. ಕಣ್ಣಂಚು ಒದ್ದೆಯಾಗಿತ್ತು. "ಅಂತೂ ತಂದುಕೊಟ್ರಲ್ಲ."

ಇದನ್ನು ಹೇಗಾದರೂ ಮಾಯ ಮಾಡುವುದೆಂದು ದಾಖಲೆಯ ಬೆರಳು ಮೆಲ್ಲಗೆ ಅಳಿಸುವ ಗುಂಡಿಯತ್ತ ಹೊರಟಿತ್ತು. ಅವಳ ಮಾತಿಗೆ ಅಲ್ಲೇ ನಿಂತಿತು. ಅದೇ ಹೊತ್ತಿಗೆ ಫೋನು ಗುಣುಗುಟ್ಟಿತು. ಟೈಪಿಸ್ಟ್ ಮೇಡಂ ಅವರ ಸಂದೇಶ: "ಸಾರ್, ಕೆಳಗಿನ ಮೂರು ಚುಕ್ಕಿ ಒತ್ತಿ ನೋಡಿದ್ರಾ? ನಾವೆಲ್ಲ ನೋಡಿದ್ವಿ. ಮ್ಯಾನೇಜರು ಎರಡು ಸಲ ಓದಿಸಿದ್ರು."

ಮರುದಿನ ಬೆಳಿಗ್ಗೆ ಆರಕ್ಕೆ ದಾಖಲೆ ಒಲೆಯ ಮುಂದೆ ಹಾಲು ಕಾಯುತ್ತ ನಿಂತಿದ್ದ. ಹೊದಿಕೆಯೊಳಗಿನಿಂದ ಹೆಂಡತಿಯ ದನಿ ಬಂತು.

"ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಇನ್ನೂ ಕಾಫಿ ಬಂದಿಲ್ಲ."

ಪಕ್ಕದ ಕೋಣೆಯಿಂದ ತಾಯಿ ಕೂಗಿದರು: "ಅದರ ಪ್ರತಿ ನಂಗೂ ಒಂದು ಕಣೋ!"